ವಿದ್ಯುತ್ ಕ್ಷೇತ್ರದ ಗಣನೆಯಲ್ಲಿ ಸಮಮಿತಿ: ಬಯಲು, ಕಡ್ಡಿ, ಗುಡ್ಡ

ಆವೇಶಯುಕ್ತವಾದ ವಸ್ತುವಿನ ಸುತ್ತಣ ವಿದ್ಯುತ್ ಕ್ಷೇತ್ರವನ್ನು ಗಣಿಸಲು ಎರಡು ಮಾರ್ಗಗಳುಂಟು. ಕೂಲಂಬನು ೧೭೮೫ರಲ್ಲಿ ಪ್ರಯೋಗದಿಂದ ಸ್ಥಾಪಿಸಿದ ನಿಯಮವನ್ನು ಹಿಡಿದು ವಸ್ತುವಿನ ಒಂದೊಂದು ಅಂಶದ ಪ್ರಭಾವವನ್ನೂ ಕೂಡಿಸುತ್ತ ಹೋಗುವುದು ಮೊದಲನೆಯದು. ಇದು ಎಲ್ಲೆಡೆಯೂ ಸಲ್ಲುವುದಾದರೂ ಬಹು ಶ್ರಮದ ಮಾರ್ಗ. ಎರಡನೆಯದು ಗೌಸನ ಪ್ರಮೇಯದ ಮಾರ್ಗ. ಮೇಲ್ಮೈಗೆ ಲಂಬವಾದ ಕ್ಷೇತ್ರಾಂಶವನ್ನು ವಿಸ್ತೀರ್ಣದಿಂದ ಗುಣಿಸಿ ಕೂಡಿದ ಮೊತ್ತಕ್ಕೆ ಅಭಿವಾಹವೆಂದು ಹೆಸರು. ಮುಚ್ಚಿದ ಯಾವುದೇ ಮೇಲ್ಮೈಯಿಂದ ಹೊರಡುವ ಅಭಿವಾಹವು, ಅದರೊಳಗಿನ ಆವೇಶವನ್ನು ಶೂನ್ಯಾವಕಾಶದ ವಿದ್ಯುತ್ ಸ್ಥಿರಾಂಕದಿಂದ ಭಾಗಿಸಿದಷ್ಟಿರುತ್ತದೆ ಎಂಬುದೇ ಈ ಪ್ರಮೇಯ.

ಪ್ರಮೇಯವು ಎಲ್ಲ ಮೇಲ್ಮೈಗಳಿಗೂ ಸತ್ಯವಾದುದು. ಆದರೆ ಅದೊಂದರಿಂದಲೇ ಕ್ಷೇತ್ರದ ಬೆಲೆಯು ದೊರೆಯುವುದು ಕೆಲವೆಡೆಗಳಲ್ಲಿ ಮಾತ್ರ. ಈ ಭೇದವನ್ನು ಗಮನಿಸದ ವಿದ್ಯಾರ್ಥಿಯು ಸೂತ್ರವನ್ನು ಸಲ್ಲದೆಡೆಯಲ್ಲಿ ಹಚ್ಚುವುದುಂಟು. ಆದುದರಿಂದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ನೆಲವನ್ನೇ ನಿದರ್ಶನವಾಗಿಟ್ಟುಕೊಂಡು, ಈ ಮಾರ್ಗವು ಎಲ್ಲಿ ಸಲ್ಲುವುದು, ಎಲ್ಲಿ ಸಲ್ಲದು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಒಂದು ವಸ್ತುವನ್ನು ಸರಿಸಿದಾಗ, ತಿರುಗಿಸಿದಾಗ ಅಥವಾ ಕನ್ನಡಿಯಲ್ಲಿ ಪ್ರತಿಬಿಂಬಿಸಿದಾಗ ಅದು ಮೊದಲಿನಂತೆಯೇ ಕಂಡರೆ, ಆ ವಸ್ತುವಿಗೆ ಆಯಾ ಬಗೆಯ ಸಮಮಿತಿಯುಂಟೆಂದು ಹೇಳುತ್ತೇವೆ. ಕಾರಣದಲ್ಲಿರುವ ಸಮಮಿತಿಯು ಕಾರ್ಯದಲ್ಲಿಯೂ ಕಾಣಬೇಕೆಂಬ ತತ್ತ್ವವನ್ನು ಪಿಯರ್ ಕ್ಯೂರಿಯು ೧೮೯೪ರಲ್ಲಿ ಪ್ರತಿಪಾದಿಸಿದನು. ಇಲ್ಲಿ ಆವೇಶದ ಹಂಚಿಕೆಯೇ ಕಾರಣ; ಕ್ಷೇತ್ರವೇ ಕಾರ್ಯ.

ಮೊದಲು ಬಯಲನ್ನು ತೆಗೆದುಕೊಳ್ಳೋಣ. ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳು ಕುರಿದನಗಳು ಮೇಯುತ್ತ ಬಂದ ವಿಶಾಲವಾದ ಹುಲ್ಲುಬಯಲುಗಳು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿರುವ ಕುದಾಪುರವೂ ಈ ಸೀಮೆಯಲ್ಲಿಯೇ ಇದೆ. ಮೋಡವಿಲ್ಲದ ದಿನ ಭೂಮಿಯ ಮೇಲೆ ಮೀಟರಿಗೆ ಸುಮಾರು ೧೦೦ ವೋಲ್ಟಿನಷ್ಟು ಕ್ಷೇತ್ರವು ಕೆಳಮುಖವಾಗಿರುತ್ತದೆ. ಎಂದರೆ ನೆಲದ ಮೇಲ್ಮೈಯಲ್ಲಿ ಋಣಾವೇಶವಿದೆ. ಈ ಕ್ಷೇತ್ರವು ಲಂಬವಾಗಿಯೇ ಏಕಿರಬೇಕು? ಅದು ಬಳ್ಳಾರಿಯ ಕಡೆಗೆ ವಾಲಿದೆಯೆಂದರೆ, ಹಿರಿಯೂರಿನ ಕಡೆಗೆ ಏಕೆ ವಾಲಲಿಲ್ಲವೆಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಸಮತಲವಾದ ಬಯಲಿಗೆ ಎಲ್ಲ ದಿಕ್ಕುಗಳೂ ಒಂದೇ. ಅದರಂತೆಯೇ ಬಯಲಿನಲ್ಲಿ ಎತ್ತ ಸರಿದರೂ ನೋಟ ಬದಲಾಗದಿರುವುದರಿಂದ ಒಂದೇ ಎತ್ತರದಲ್ಲಿ ಕ್ಷೇತ್ರದ ಬೆಲೆಯೂ ಒಂದೇ ಆಗಿರಬೇಕು.

ಈಗ ಅರ್ಧ ನೆಲದೊಳಗೆ, ಅರ್ಧ ನೆಲದ ಮೇಲೆ ಇರುವ ಒಂದು ಡಬ್ಬಿಯನ್ನು ಕಲ್ಪಿಸಿಕೊಳ್ಳೋಣ. ಸ್ಥಿರವಿದ್ಯುತ್ತಿನ ಮಟ್ಟಿಗೆ ನೆಲವು ವಾಹಕವಾದುದರಿಂದ ಒಳಗೆ ಕ್ಷೇತ್ರವಿಲ್ಲ. ಪಕ್ಕದ ಗೋಡೆಗಳನ್ನು ಕ್ಷೇತ್ರವು ದಾಟುವುದಿಲ್ಲ. ಉಳಿದುದು ಮೇಲಣ ಮುಚ್ಚಳವೊಂದೇ. ಆದುದರಿಂದ ಕ್ಷೇತ್ರವು ಆವೇಶಸಾಂದ್ರತೆಯನ್ನು ಸ್ಥಿರಾಂಕದಿಂದ ಭಾಗಿಸಿದಷ್ಟು. ಸ್ಥಿರಾಂಕವು ಮೂಲಮಾನಗಳಲ್ಲಿ ೮.೮೫ನ್ನು ಲಕ್ಷ ಕೋಟಿಯಿಂದ ಭಾಗಿಸಿದಷ್ಟಿರುವುದರಿಂದ, ಒಂದು ಚದರ ಕಿಲೋಮೀಟರ್ ಬಯಲಿನಲ್ಲಿರುವ ಆವೇಶವು ಸುಮಾರು ೦.೯ ಮಿಲಿಕೂಲಂಬ್ ಮಾತ್ರ ಎಂದು ಸಿದ್ಧಿಸುತ್ತದೆ. ಒಂಟಿಯಾಗಿ ನಿಂತ ಆವೇಶದ ಹಾಳೆಯಾದರೆ ಅಭಿವಾಹವು ಎರಡೂ ಕಡೆಗೆ ಹೊರಡುವುದರಿಂದ ಇದರ ಅರ್ಧದಷ್ಟು ಕ್ಷೇತ್ರವೇ ದೊರೆಯುವುದು. ಈ ಎರಡು ಸೂತ್ರಗಳನ್ನು ಬೆರಸಬಾರದು.

ಎರಡನೆಯ ನಿದರ್ಶನ ಕಡ್ಡಿ. ಮೊಳಕಾಲ್ಮೂರು ರೇಷ್ಮೆಯ ಸೀರೆಗೆ ಹೆಸರಾದ ಊರು. ಒಣಹವೆಯ ದಿನ ಗಾಜಿನ ಕಡ್ಡಿಯನ್ನು ರೇಷ್ಮೆಯಿಂದ ಉಜ್ಜಿದರೆ ಗಾಜು ಧನಾವೇಶವನ್ನೂ ರೇಷ್ಮೆ ಋಣಾವೇಶವನ್ನೂ ಪಡೆಯುವುವು. ಕಡ್ಡಿ ಉದ್ದವಾಗಿದ್ದು ಆವೇಶವು ಸಮನಾಗಿ ಹರಡಿದೆಯೆಂದು ಇಟ್ಟುಕೊಳ್ಳೋಣ. ಅಕ್ಷಕ್ಕೆ ಅಡ್ಡವಾಗಿ ಹಿಡಿದ ಕನ್ನಡಿಯು ಕ್ಷೇತ್ರವು ಉದ್ದಕ್ಕೆ ಓರೆಯಾಗುವುದನ್ನು ತಡೆಯುತ್ತದೆ. ಅಕ್ಷವನ್ನೊಳಗೊಂಡ ಕನ್ನಡಿಯು ಅದು ಸುತ್ತಿಕೊಳ್ಳುವುದನ್ನು ತಡೆಯುತ್ತದೆ. ಹೀಗಾಗಿ ಕ್ಷೇತ್ರವು ಅಕ್ಷದಿಂದ ನೇರವಾಗಿ ಹೊರಮುಖವಾಗಿರಲೇಬೇಕು. ಸುತ್ತ ಒಂದು ಉರುಳೆಯನ್ನು ಕಲ್ಪಿಸಿದರೆ, ದೂರವು ಇಮ್ಮಡಿಸಿದಾಗ ಕ್ಷೇತ್ರವು ಅರ್ಧವಾಗುವುದೆಂದು ತಿಳಿಯುತ್ತದೆ. ಬಿಂದುವಿನಂತಹ ಆವೇಶಕ್ಕಾದರೆ ಅದು ಕಾಲುಭಾಗವಾಗುತ್ತಿತ್ತು. ಆದರೆ ಈ ಫಲವು ಕಡ್ಡಿಯ ನಡುಭಾಗದಲ್ಲಿ, ಅದರ ಉದ್ದಕ್ಕಿಂತ ಬಹಳ ಕಡಿಮೆಯಾದ ದೂರದಲ್ಲಿ ಮಾತ್ರ ಸಲ್ಲುತ್ತದೆ. ತುದಿಗಳ ಬಳಿ ಸಮಮಿತಿ ಮುರಿಯುವುದು. ಬಹುದೂರದಿಂದ ನೋಡಿದರೆ ಕಡ್ಡಿಯೂ ಬಿಂದುವಿನಂತೆಯೇ ವರ್ತಿಸುವುದು.

ಮೂರನೆಯದು ಗುಡ್ಡ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯು ಅಶೋಕನ ಶಾಸನದಿಂದ ಪ್ರಸಿದ್ಧವಾದುದು. ಬಯಲಿನಿಂದ ಮೇಲೆದ್ದ ಇಂತಹ ಗುಡ್ಡವನ್ನು ಗಣಿತದ ಅನುಕೂಲಕ್ಕಾಗಿ ವಾಹಕವಾದ ಅರ್ಧಗೋಲವೆಂದು ಭಾವಿಸೋಣ. ಈಗ ಪಕ್ಕಕ್ಕೆ ಸರಿಯುವ ಸಮಮಿತಿ ಹೋಯಿತು. ಶಿಖರದ ಲಂಬಾಕ್ಷದ ಸುತ್ತ ತಿರುಗುವ ಸಮಮಿತಿಯಷ್ಟೇ ಉಳಿಯಿತು. ಶಿಖರದಲ್ಲಿ ಕ್ಷೇತ್ರವು ಲಂಬವಾಗಿದೆಯೆಂದು ಇದರಿಂದ ತಿಳಿಯಬಹುದು, ಎಷ್ಟೆಂಬುದು ಮಾತ್ರ ತಿಳಿಯದು. ಗೌಸನ ಪ್ರಮೇಯವು ಇಲ್ಲಿಯೂ ಸತ್ಯವೇ; ಆದರೆ ಆವೇಶದ ಹಂಚಿಕೆಯೇ ಅಜ್ಞಾತವಾಗಿದ್ದು, ಕ್ಷೇತ್ರವು ಒಂದೇ ಬೆಲೆಯಲ್ಲಿರುವ ಮೇಲ್ಮೈಯೂ ಮೊದಲೇ ಗೊತ್ತಿಲ್ಲ. ಲಾಪ್ಲಾಸನ ಸಮೀಕರಣವನ್ನು ಬಿಡಿಸಿಯೇ ಉತ್ತರವನ್ನು ಪಡೆಯಬೇಕು. ಆ ಉತ್ತರವಿದು: ಶಿಖರದಲ್ಲಿ ಕ್ಷೇತ್ರವು ಬಯಲಿನದರ ಮೂರರಷ್ಟು, ಬುಡವು ನೆಲವನ್ನು ಕೂಡುವ ಅಂಚಿನಲ್ಲಿ ಸೊನ್ನೆ. ಬಯಲಿನಲ್ಲಿ ಮೀಟರಿಗೆ ೧೦೦ ವೋಲ್ಟ್ ಇದ್ದರೆ ಶಿಖರದಲ್ಲಿ ೩೦೦. ಅರ್ಧಗೋಲವು ದೊಡ್ಡದಾಗಲಿ ಚಿಕ್ಕದಾಗಲಿ ಈ ಪ್ರಮಾಣವು ಬದಲಾಗುವುದಿಲ್ಲ. ಆಕಾರವು ಚೂಪಾದಷ್ಟೂ ತುದಿಯಲ್ಲಿ ಅದು ಇನ್ನೂ ಹೆಚ್ಚುವುದು.

ಇದು ಪರೀಕ್ಷೆಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಗುಡುಗಿನ ಮೋಡದ ಕೆಳಗೆ ನೆಲದ ಬಳಿಯ ಕ್ಷೇತ್ರವು ಮೀಟರಿಗೆ ಹಲವು ಸಾವಿರ ವೋಲ್ಟುಗಳಿಗೆ ಏರುತ್ತದೆ. ಆಗ ಬಯಲಿನ ಸಮಮಿತಿಯನ್ನು ಮುರಿದು ನಿಂತ ಒಂಟಿ ಮರದ ತುದಿಯಲ್ಲಿ, ಗುಡ್ಡದ ನೆತ್ತಿಯಲ್ಲಿ, ನಿಂತ ಕುರಿಗಾಹಿಯ ತಲೆಯ ಬಳಿಯಲ್ಲಿ ಕ್ಷೇತ್ರವು ಸುತ್ತಲಿಗಿಂತ ಮಿಗಿಲಾಗಿರುತ್ತದೆ. ಸಿಡಿಲಿನ ಸೂಚನೆ ಕಂಡೊಡನೆ ಒಂಟಿ ಮರವನ್ನೂ ಎತ್ತರದ ನೆಲೆಯನ್ನೂ ಬಿಟ್ಟು ಭದ್ರವಾದ ಕಟ್ಟಡವನ್ನೋ ಮುಚ್ಚಿದ ವಾಹನವನ್ನೋ ಸೇರಬೇಕೆಂಬ ಎಚ್ಚರಿಕೆಗೆ ಇದೂ ಒಂದು ಆಧಾರ.

ಆದುದರಿಂದ ಸೂತ್ರವನ್ನು ಬರೆಯುವ ಮೊದಲು ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಯಾವ ಸರಿತ, ತಿರುಗು, ಪ್ರತಿಬಿಂಬಗಳಿಂದ ಈ ವಸ್ತುವು ಬದಲಾಗದು? ಅಷ್ಟರಿಂದ ಕ್ಷೇತ್ರದ ದಿಕ್ಕು ನಿಶ್ಚಯವಾಯಿತೆ? ಕ್ಷೇತ್ರವು ಒಂದೇ ಬೆಲೆಯಲ್ಲಿ ಲಂಬವಾಗಿ ದಾಟುವ, ಅಥವಾ ದಾಟದೆಯೇ ಇರುವ ಭಾಗಗಳಿಂದಾದ ಮುಚ್ಚಿದ ಮೇಲ್ಮೈಯು ದೊರೆಯುವುದೆ? ಮೂರಕ್ಕೂ ಉತ್ತರ ದೊರೆತರೆ ಗಣನೆಯು ಎರಡೇ ಪಂಕ್ತಿಗಳಲ್ಲಿ ಮುಗಿಯುವುದು. ದೊರೆಯದಿದ್ದರೆ ಪ್ರಮೇಯವನ್ನು ದೂರದೆ ಬೇರೆ ಮಾರ್ಗವನ್ನು ಹಿಡಿಯಬೇಕು.