ಮಗಳ ಮನೆಗೆ ನಡೆದು ಬರುವವರು

ಹೋಳಿ ಹುಣ್ಣಿಮೆ ಕಳೆಯಿತೆಂದರೆ ಬಾಗಲಕೋಟೆ, ವಿಜಯಪುರ ಸೀಮೆಯ ಹಳ್ಳಿಗಳಿಂದ ಪಾದಯಾತ್ರಿಗಳ ಕಂಬಿ ಹೊರಡುತ್ತದೆ. ಹೆಗಲ ಮೇಲಿನ ಆ ಅಲಂಕೃತ ಕಂಬಿಯೇ ಅವರಿಗೆ ಮಲ್ಲಯ್ಯ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನ. ವಿಜಯಪುರದಿಂದ ಶ್ರೀಶೈಲಕ್ಕೆ 400 ಕಿ.ಮೀ. ಆಸುಪಾಸು, ಯುಗಾದಿಯೊಳಗೆ ಬೆಟ್ಟ ಮುಟ್ಟಬೇಕು.

ಶ್ರೀಶೈಲ ಇರುವುದು ಆಂಧ್ರದ ನಂದ್ಯಾಲ ಜಿಲ್ಲೆಯ ನಲ್ಲಮಲ ಕಾಡಿನಲ್ಲಿ. ಮಲ್ಲಿಕಾರ್ಜುನನ ಜ್ಯೋತಿರ್ಲಿಂಗ, ಭ್ರಮರಾಂಬೆಯ ಶಕ್ತಿಪೀಠ ಎರಡೂ ಒಂದೇ ಕಡೆ. ಯುಗಾದಿ ಉತ್ಸವದ ದಿನಗಳಲ್ಲಂತೂ ಅಲ್ಲಿ ಎತ್ತ ತಿರುಗಿದರೂ ಉತ್ತರ ಕರ್ನಾಟಕದ ಮಾತೇ ಕೇಳುತ್ತದೆ. ಅಕ್ಕಮಹಾದೇವಿ ತನ್ನ ಚೆನ್ನಮಲ್ಲಿಕಾರ್ಜುನನನ್ನು ಅರಸಿ ಇದೇ ಬೆಟ್ಟಕ್ಕೆ ಬಂದಳು. ಈ ನಡಿಗೆಗೆ ಅಷ್ಟು ಹಳೆಯ ನೆನಪಿದೆ.

ಆತ್ಮಕೂರು ದಾಟಿ ವೆಂಕಟಾಪುರ ಬಿಟ್ಟ ಮೇಲೆ ಕಾಡುದಾರಿ. ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ. ಎಲೆಯುದುರಿದ ಮರಗಳು, ಕಾದ ಕಲ್ಲು. ಕೊಳ್ಳಕ್ಕಿಳಿದು ಎದುರಿನ ಕಡಿದಾದ ಮೆಟ್ಟಿಲು ಹತ್ತಿದರೆ ಕೈಲಾಸದ್ವಾರ.

ದಾರಿಯ ದಾಸೋಹದ ಡೇರೆಗಳಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಸಿಗುತ್ತವೆ. ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಕಾಲಿನ ಸೇವೆ. ಹರೆಯದ ಹುಡುಗನೊಬ್ಬ ಮುದುಕಿಯ ಅಂಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಸೂಜಿಗೆ ದಾರ ಪೋಣಿಸಿ, ಗುಳ್ಳೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸುತ್ತಾನೆ. ದಾರವನ್ನು ಅಲ್ಲೇ ಬಿಡುತ್ತಾನೆ. ನೀರು ಅದರಗುಂಟ ಸೋರಿಹೋಗಬೇಕು, ಚರ್ಮ ಕಿತ್ತುಬರಬಾರದು. "ನೋಯ್ತೇನಬೇ?" ಎನ್ನುತ್ತಾನೆ. "ಮಲ್ಲಯ್ಯ ಅದಾನ, ಬಿಡಪಾ" ಎಂದು ಆಕೆ ಕಾಲೆಳೆದುಕೊಂಡು ಎದ್ದಳು. ಏಳುವ ಮುಂಚೆ ಆ ಹುಡುಗ ಆಕೆಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಹರಕೆ ಹೊತ್ತವಳು ಆಕೆ. ಆದರೆ ಆ ತಪಸ್ಸಿನಲ್ಲಿ ಅವನಿಗೂ ಪಾಲಿದೆ ಎಂದೇ ನಾನು ನಂಬಿದ್ದೇನೆ. ಮರಗಾಲು ಕಟ್ಟಿಕೊಂಡು ಬರುವ ಹರಕೆಯವರೂ ಇದ್ದಾರೆ. ಅವರು ಕುಳಿತು ಏಳಬೇಕೆಂದರೆ ಇಬ್ಬರ ಹೆಗಲು ಬೇಕು, ಆ ಹೆಗಲುಗಳೂ ಜೊತೆಗೇ ನಡೆಯುತ್ತವೆ.

ದೇಹವನ್ನೇ ಒಪ್ಪಿಸುವ ಭಕ್ತಿ ಇಲ್ಲಿಗೆ ಹೊಸದಲ್ಲ. ದೇವಸ್ಥಾನದ ವೀರಶಿರೋಮಂಟಪವನ್ನು 14ನೇ ಶತಮಾನದಲ್ಲಿ ರೆಡ್ಡಿ ಅರಸ ಅನವೇಮಾರೆಡ್ಡಿ ಕಟ್ಟಿಸಿದ. ಕೊಂಗವೀರರೆಂಬ ಭಕ್ತರು ಇಲ್ಲಿ ತಲೆಯನ್ನೂ ನಾಲಿಗೆಯನ್ನೂ ಕಡಿದು ಅರ್ಪಿಸುತ್ತಿದ್ದರೆಂದು ಶಾಸನ ಹೇಳುತ್ತದೆ. ಓದುವಾಗ ಮೈ ಜುಮ್ಮೆನ್ನುತ್ತದೆ. ಆ ಉಗ್ರ ಅರ್ಪಣೆ ನಿಂತುಹೋಯಿತು, ನಿಂತದ್ದೇ ಒಳ್ಳೆಯದಾಯಿತು. ಅದರ ನೆರಳು ಯುಗಾದಿಯ ಮುನ್ನಾದಿನದ ರಾತ್ರಿ ಕಾಣುತ್ತದೆ: ಕೆನ್ನೆಗೆ ಶಸ್ತ್ರ ಚುಚ್ಚಿಕೊಂಡು ಕುಣಿಯುವ ವೀರಾಚಾರ, ಬಳಿಕ ಅಗ್ನಿಗುಂಡ. ಕ್ಯಾಮೆರಾಗಳೆಲ್ಲ ಅಲ್ಲಿಗೇ ನುಗ್ಗುತ್ತವೆ. ಕೆಂಡದ ಮೇಲಿನ ನಾಲ್ಕು ಹೆಜ್ಜೆಯನ್ನು ಕಂಡವರು, ಅದೇ ಪಾದ ಹದಿನೈದು ದಿನ ಕಾದ ಡಾಂಬರು ತುಳಿದು ಬಂದದ್ದನ್ನೂ ನೋಡಬೇಕು.

ಇಷ್ಟೆಲ್ಲ ಕಷ್ಟ ಯಾರಿಗಾಗಿ ಎಂದು ಕೇಳಿದರೆ ಹೆಂಗಸರ ಉತ್ತರ ಸಲೀಸು. ಭ್ರಮರಾಂಬೆ ನಮ್ಮ ಮನೆಮಗಳು, ಹಬ್ಬಕ್ಕೆ ಬರಿಗೈಲಿ ಹೋಗಲಾದೀತೇ? ಊರಿನಿಂದ ಹೊತ್ತು ತಂದ ಗಂಟು ಬಿಚ್ಚಿ ಸೀರೆ, ಕುಪ್ಪಸ, ಅರಿಸಿನ-ಕುಂಕುಮ ತೆಗೆಯುತ್ತಾರೆ. ಮಡಿಕೆ ಮುರಿಯದಿರಲೆಂದು ಸೀರೆಯನ್ನು ಹಳೆಯ ಟವೆಲಿನಲ್ಲಿ ಸುತ್ತಿಟ್ಟಿರುತ್ತಾರೆ. ದಾರಿಯಲ್ಲಿ ಕಂಡ ಆ ಮುದುಕಿ ಅಮ್ಮನವರ ಗುಡಿಯ ಸರತಿಯಲ್ಲಿ ಮತ್ತೆ ಸಿಕ್ಕಳು. ಅಂಗಾಲಿನ ದಾರ ಇನ್ನೂ ಹಾಗೇ ಇತ್ತು. ಗಂಟನ್ನು ಎದೆಗವಚಿಕೊಂಡು, ಮುಂದೆ ನಿಂತವರಿಗೆ ದಾರಿ ಬಿಡಿರೆಂದು ಅವಸರ ಮಾಡುತ್ತಿದ್ದಳು.