ಬೀದಿ ಬದಲಾದರೆ ಹಕ್ಕಿ ಬೇರೆ

ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆಯಿಂದ ಜಿಕೆವಿಕೆ ಕೆಲವೇ ಕಿಲೋಮೀಟರ್, ಆರ್.ಟಿ. ನಗರವೂ ಅಷ್ಟೇ ಹತ್ತಿರ. ಆದರೆ ಬೆಳಗಾಗುತ್ತಲೇ ಈ ಎರಡೂ ಕಡೆ ಕಿವಿಗೆ ಬೀಳುವ ದನಿಗಳೇ ಬೇರೆ. ಸುಮಾರು 1,300 ಎಕರೆಯ ಜಿಕೆವಿಕೆಯಲ್ಲಿ, ಅಂದರೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ, ನವಿಲು ಕೂಗುತ್ತದೆ, ಕುಟ್ರುಹಕ್ಕಿ ಎಡೆಬಿಡದೆ ಕುಟ್ರೂ ಎನ್ನುತ್ತದೆ, ಹರಟೆಮಲ್ಲಗಳ ಗುಂಪು ಪೊದೆಯಡಿಯಲ್ಲಿ ಗದ್ದಲ ಎಬ್ಬಿಸುತ್ತದೆ. ಗೋಡೆಗೆ ಗೋಡೆ ತಾಗಿದ ಆರ್.ಟಿ. ನಗರದ ಬೀದಿಯಲ್ಲಿ ಕಾಗೆ, ಪಾರಿವಾಳ, ಗೊರವಂಕ. ಮೇಲೆ ಸುತ್ತುವ ಹದ್ದು.

ಹಾಗೆಂದು ಆ ಬೀದಿ ಬರಡಲ್ಲ. ತಾರಸಿಯ ಕುಂಡದಲ್ಲಿ ದಾಸವಾಳ ಅರಳಿದರೆ ಸೂರಕ್ಕಿ ಹುಡುಕಿಕೊಂಡು ಬರುತ್ತದೆ. ಜೇಡರ ಬಲೆಯ ನೂಲಿನಿಂದ ನಾರು, ತೊಗಟೆಚೂರುಗಳನ್ನು ಬಿಗಿದು ಹೆಣ್ಣು ಹೆಣೆಯುವ ಗೂಡು ಪೋರ್ಟಿಕೋದ ವೈರಿನಲ್ಲೂ ತೂಗಬಲ್ಲದು. ರಸ್ತೆಬದಿಗೆ ಒಂದು ಗಸಗಸೆ ಹಣ್ಣಿನ ಮರವಿದ್ದರಂತೂ ಪಿಕಳಾರ, ಕೋಗಿಲೆ, ಪುಟಾಣಿ ಬದನಿಕೆ ಹಕ್ಕಿ ಎಲ್ಲಕ್ಕೂ ಅಲ್ಲೇ ಊಟ.

ಪಿಕಳಾರಗಳನ್ನೇ ಗಮನಿಸಿ. ಚೂಪು ಜುಟ್ಟಿನ, ಕೆನ್ನೆಯಲ್ಲಿ ಕೆಂಪಿರುವ ಕೆಮ್ಮೀಸೆ ಪಿಕಳಾರಕ್ಕೆ ಮರಗಿಡಗಳ ಮರೆ ಇಷ್ಟ. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಂಥ ಜಾಗ ಅದಕ್ಕೆ ಹೇಳಿ ಮಾಡಿಸಿದ್ದು. ಕಪ್ಪು ತಲೆಯ ಕೆಂಪು ಕಿಬ್ಬೊಟ್ಟೆಯ ಪಿಕಳಾರ ಬಯಲಿನ ಕುರುಚಲಿಗೂ ಒಗ್ಗಿಕೊಂಡಿದೆ. ಯಲಹಂಕದ ಸುತ್ತ ಇನ್ನೂ ಉಳಿದಿರುವ ಖಾಲಿ ಸೈಟುಗಳ ಪೊದೆ, ಹುಲ್ಲುಗಳು ಉಲಿಯಕ್ಕಿ, ರಾಟವಾಳಗಳಿಗೂ ನೆಲೆ. ಜೆಸಿಬಿ ತಂದು ಅದನ್ನೆಲ್ಲ ಸವರಿ ‘ಕ್ಲೀನ್’ ಮಾಡಿಸುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಆ ನಂತರ ನೆಡುವ ಅಲಂಕಾರದ ಗಿಡಗಳಲ್ಲಿ ಹುಳುವಿಲ್ಲ, ಬೀಜವಿಲ್ಲ, ಗೂಡಿಗೆ ಮರೆಯೂ ಇಲ್ಲ.

ಗುಬ್ಬಚ್ಚಿಯ ಕಥೆ ಎಲ್ಲರಿಗೂ ಗೊತ್ತೆಂದುಕೊಂಡಿದ್ದೇವೆ. ಆದರೆ 2020ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯ ಪ್ರಕಾರ ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಿ ಹೆಚ್ಚುಕಡಿಮೆ ಸ್ಥಿರವಾಗಿದೆ. ಇಳಿದಿರುವುದು ಬೆಂಗಳೂರಿನಂಥ ಮಹಾನಗರಗಳಲ್ಲಿ. ಅಕ್ಕಿ ಎರಚಿದರೆ ಸಾಲದು. ಮರಿಗಳಿಗೆ ಹುಳುಹುಪ್ಪಟೆ ಬೇಕು, ಗೂಡಿಗೆ ಹೆಂಚಿನ ಸಂದು ಬೇಕು. ಎರಚಿದ ಕಾಳು ನಮ್ಮ ಬಡಾವಣೆಗಳಲ್ಲಿ ಹೆಚ್ಚಾಗಿ ಪಾರಿವಾಳದ ಪಾಲು.

ಅಕ್ಟೋಬರ್ ಬಂತೆಂದರೆ ಹಕ್ಕಿಗಳ ಪಟ್ಟಿ ಮತ್ತೆ ಬದಲಾಗುತ್ತದೆ. ದಕ್ಷಿಣಕ್ಕೆ ಹೊರಟ ನವರಂಗ ಎಲೆಕಸವಿರುವ ತೋಟದಲ್ಲಿ ದಣಿವಾರಿಸಿಕೊಳ್ಳಲು ಇಳಿಯುತ್ತದೆ. ಉದುರಿದ ಎಲೆಯನ್ನು ದಿನವೂ ಗುಡಿಸಿ ಸುಡುವ ಅಂಗಳದಲ್ಲಿ ಅದಕ್ಕೆ ಕೆದಕಲು ಏನಿದೆ?

ಇನ್ನೊಂದು ಮಾತು. ಬೈನಾಕ್ಯುಲರ್ ಹಿಡಿದವರು ಹೋಗುವುದು ಜಿಕೆವಿಕೆಗೆ, ಹೆಬ್ಬಾಳ ಕೆರೆಗೆ, 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾದ ಯಲಹಂಕದ ಪುಟ್ಟೇನಹಳ್ಳಿ ಕೆರೆಗೆ. ಉದ್ದನೆಯ ಪಟ್ಟಿಗಳೂ ಅಲ್ಲಿಂದಲೇ ಬರುತ್ತವೆ. ಮನೆಸಾಲಿನ ಹಕ್ಕಿಗಳನ್ನು ಬರೆದಿಡುವವರು ಕಡಿಮೆ. ಹೀಗಾಗಿ ಯಾವುದು ನಿಜಕ್ಕೂ ಇಲ್ಲ, ಯಾವುದನ್ನು ನಾವು ನೋಡಿಲ್ಲ ಎಂಬುದು ಬಗೆಹರಿಯುವುದಿಲ್ಲ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿ ಗಣತಿಗೆ ಒಮ್ಮೆಗೆ 15 ನಿಮಿಷ ಸಾಕು. ತಾರಸಿಯಲ್ಲಿ ನಿಂತು ಎಣಿಸಿ, ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಹಾಕಿ. ಪಾರಿವಾಳವನ್ನು ಬಿಡಬೇಡಿ.