ದುಡ್ಡು ಕಟ್ಟುವ ಮುನ್ನ: ಆನ್‌ಲೈನ್ ಕೋರ್ಸ್‌ಗಳ ಬಗ್ಗೆ ಏಳು ತಪ್ಪು ಕಲ್ಪನೆಗಳು

ಡಿಗ್ರಿ ಮುಗಿಯುತ್ತಿದ್ದಂತೆ ಅನೇಕ ಮನೆಗಳಲ್ಲಿ ಒಂದೇ ಚರ್ಚೆ: ಡೇಟಾ ಸೈನ್ಸ್‌ಗೆ ಸೇರುವುದೋ, ಡಿಜಿಟಲ್ ಮಾರ್ಕೆಟಿಂಗ್‌ಗೋ? ಫೋನ್ ತೆರೆದರೆ ಜಾಹೀರಾತುಗಳ ಸಾಲು. ಒಂದು ಕೋರ್ಸ್‌ಗೆ ಐನೂರು ರೂಪಾಯಿ, ಇನ್ನೊಂದಕ್ಕೆ ಎರಡು ಲಕ್ಷ, ಮತ್ತೊಂದು ಪುಕ್ಕಟೆ. ಆರಿಸುವಾಗ ನಾವು ನೋಡುವುದು ಹೆಸರು, ಬೆಲೆ, ರೇಟಿಂಗ್, ಸರ್ಟಿಫಿಕೇಟ್. ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡಿವೆ: ಈ ಕೋರ್ಸ್ ನನ್ನ ಕೈಯಲ್ಲಿ ಏನು ಮಾಡಿಸುತ್ತದೆ? ಮಾಡಿದ್ದನ್ನು ಯಾರು ತಿದ್ದುತ್ತಾರೆ?

ತಪ್ಪು ಕಲ್ಪನೆ 1: ಮೇಷ್ಟ್ರು ಸೊಗಸಾಗಿ ಪಾಠ ಮಾಡಿದರೆ ಕೋರ್ಸ್ ಚೆನ್ನಾಗಿದೆ ಎಂದರ್ಥ.

ಸತ್ಯ: ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಒಂದು ಸ್ವಾರಸ್ಯದ ಪ್ರಯೋಗ ಪ್ರಕಟಿಸಿದರು. ಮೂರು ಬಣ್ಣದ ಬೆಕ್ಕುಗಳು ಬಹುತೇಕ ಹೆಣ್ಣೇ ಆಗಿರುವುದೇಕೆ ಎಂಬ ಪುಟ್ಟ ಪಾಠವನ್ನು ಒಬ್ಬರ ಕೈಯಲ್ಲೇ ಎರಡು ರೀತಿಯಲ್ಲಿ ಹೇಳಿಸಿ ಚಿತ್ರೀಕರಿಸಿದರು. ಒಂದರಲ್ಲಿ ನೆಟ್ಟಗೆ ನಿಂತು, ಕಣ್ಣಿಗೆ ಕಣ್ಣಿಟ್ಟು, ನಿರರ್ಗಳ ಮಾತು. ಇನ್ನೊಂದರಲ್ಲಿ ಚೀಟಿ ನೋಡಿಕೊಂಡು ತಡವರಿಸುತ್ತ ಅದೇ ಪಾಠ. ಮೊದಲನೆಯದನ್ನು ನೋಡಿದವರು ತಮಗೆ ಹೆಚ್ಚು ಅರ್ಥವಾಯಿತು ಎಂದು ನಂಬಿದ್ದರು. ಪರೀಕ್ಷೆ ಕೊಟ್ಟಾಗ ಎರಡೂ ಗುಂಪಿನವರಿಗೆ ನೆನಪಿದ್ದದ್ದು ಹೆಚ್ಚುಕಡಿಮೆ ಅಷ್ಟೇ. ಡೆಮೊ ಕ್ಲಾಸ್ ನೋಡಿ ಮರುಳಾಗಿ ಹಣ ಕಟ್ಟುವವರು ಈ ಬೆಕ್ಕಿನ ಪಾಠವನ್ನು ನೆನಪಿಡಬೇಕು.

ತಪ್ಪು ಕಲ್ಪನೆ 2: ಐದಕ್ಕೆ ನಾಲ್ಕೂವರೆ ಸ್ಟಾರ್ ಇದೆ ಎಂದಮೇಲೆ ಒಳ್ಳೆಯದೇ ಇರಬೇಕು.

ಸತ್ಯ: ಸ್ಟಾರ್ ಹೇಳುವುದು ಕಲಿತವರ ಸಂತೋಷವನ್ನು. ಕಲಿಕೆಯ ಲೆಕ್ಕ ಬೇರೆ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೆಕ್ಕಗಳನ್ನು ತಾವೇ ಗುಂಪಾಗಿ ಬಿಡಿಸಿದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಆದರೆ ‘ಎಷ್ಟು ಕಲಿತಿರಿ’ ಎಂದು ಕೇಳಿದಾಗ, ಸುಮ್ಮನೆ ಉಪನ್ಯಾಸ ಕೇಳಿದವರೇ ತಾವು ಹೆಚ್ಚು ಕಲಿತೆವು ಎಂದರು. ತಲೆ ಬಿಸಿ ಮಾಡುವ ಕೋರ್ಸ್‌ಗೆ ಸ್ಟಾರ್ ಕಡಿಮೆ ಬೀಳುವುದು ಸಹಜ. ಆದ್ದರಿಂದ ಅಂಕಿಯನ್ನು ಬಿಟ್ಟು ಬರಹವನ್ನು ಓದಿ. ‘ಸೂಪರ್, ಸರ್’ ಎಂಬ ನೂರು ಮಾತಿಗಿಂತ ‘ಮೂರನೇ ಪ್ರಾಜೆಕ್ಟ್‌ನಲ್ಲಿ ಎಲ್ಲಿ ಎಡವಿದೆ, ಯಾರು ದಾರಿ ತೋರಿಸಿದರು’ ಎಂದು ಬರೆದ ಒಬ್ಬರ ಮಾತಿಗೆ ತೂಕ ಹೆಚ್ಚು.

ತಪ್ಪು ಕಲ್ಪನೆ 3: ಗಂಟೆಗಟ್ಟಲೆ ವಿಡಿಯೊ, ಸ್ಟುಡಿಯೊ ಚಿತ್ರೀಕರಣ ಇದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಸತ್ಯ: ‘ಇನ್ನೂರು ಗಂಟೆ ವಿಡಿಯೊ’ ಎಂಬುದು ಮಾರುವವರ ಲೆಕ್ಕ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ನಾಲ್ಕು ಕೋರ್ಸ್‌ಗಳಲ್ಲಿ ಜನ ವಿಡಿಯೊ ನೋಡಿದ 69 ಲಕ್ಷ ಸಂದರ್ಭಗಳನ್ನು ಪರಿಶೀಲಿಸಿದ 2014ರ ಅಧ್ಯಯನದ ಪ್ರಕಾರ, ವಿಡಿಯೊ ಎಷ್ಟೇ ಉದ್ದವಿರಲಿ, ನೋಡುವವರ ಗಮನ ಸಾಮಾನ್ಯವಾಗಿ ಆರು ನಿಮಿಷ ದಾಟುವುದಿಲ್ಲ. ದುಬಾರಿ ಸ್ಟುಡಿಯೊದಲ್ಲಿ ತೆಗೆದದ್ದಕ್ಕಿಂತ ಮೇಜಿನ ಮುಂದೆ ಕೂತು ಆಪ್ತವಾಗಿ ಹೇಳಿದ್ದೇ ಜನರನ್ನು ಹಿಡಿದಿಟ್ಟದ್ದೂ ಉಂಟು. ಮನೋವಿಜ್ಞಾನದ ಒಂದು ಆನ್‌ಲೈನ್ ಕೋರ್ಸ್ ಕುರಿತು 2015ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಅಭ್ಯಾಸಗಳನ್ನು ಮಾಡಿ ಕಲಿತದ್ದರ ಫಲ ವಿಡಿಯೊ ನೋಡಿದ್ದರ ಫಲಕ್ಕಿಂತ ಆರು ಪಟ್ಟು ಹೆಚ್ಚಿತ್ತು. ಒಬ್ಬಟ್ಟು ತಟ್ಟುವುದನ್ನು ಎಷ್ಟು ಸಲ ನೋಡಿದರೂ ಕಣಕದ ಹದ ಕೈಗೆ ಹತ್ತುವುದಿಲ್ಲವಲ್ಲ, ಹಾಗೆ. ಕೋರ್ಸ್‌ನ ವಿವರದಲ್ಲಿ ವಿಡಿಯೊ ಎಷ್ಟು ಎಂದು ಎಣಿಸುವ ಬದಲು ಅಭ್ಯಾಸಗಳೆಷ್ಟು ಎಂದು ಎಣಿಸಿ.

ತಪ್ಪು ಕಲ್ಪನೆ 4: ಪುಕ್ಕಟೆ ಸಿಗುವುದಕ್ಕೆ ಬೆಲೆಯಿಲ್ಲ.

ಸತ್ಯ: ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಕಟ್ಟಿದ ಎನ್‌ಪಿಟಿಇಎಲ್ ಇದಕ್ಕೆ ಉತ್ತರ. ಪಾಠ ಎಲ್ಲರಿಗೂ ಉಚಿತ. ಸರ್ಟಿಫಿಕೇಟ್ ಬೇಕೆನ್ನುವವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ಅಂಕ ಕೊಡುವ ಕ್ರಮ ನೋಡಿ. 12 ವಾರದ ಕೋರ್ಸ್‌ನಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟ್‌ಗಳ ಸರಾಸರಿಗೆ 25 ಅಂಕ, ಮೇಲ್ವಿಚಾರಕರ ಎದುರು ಪರೀಕ್ಷಾ ಕೇಂದ್ರದಲ್ಲಿ ಕೂತು ಬರೆಯುವ ಪರೀಕ್ಷೆಗೆ 75. ಅಸೈನ್‌ಮೆಂಟ್‌ನಲ್ಲಿ 10, ಪರೀಕ್ಷೆಯಲ್ಲಿ 30 ಬಾರದಿದ್ದರೆ ಸರ್ಟಿಫಿಕೇಟ್ ಇಲ್ಲ. ವಿಡಿಯೊ ಓಡಿಸಿ ಮುಗಿಸಿದ ಕೂಡಲೇ ಪಿಡಿಎಫ್ ಕೈಗಿಡುವ ಎಷ್ಟೋ ದುಬಾರಿ ಕೋರ್ಸ್‌ಗಳಲ್ಲಿ ಇಷ್ಟು ಬಿಗಿ ಇರುವುದಿಲ್ಲ. ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯಲ್ಲಿ ಈ ಕೋರ್ಸ್‌ಗಳು ಸಿಗುತ್ತವೆ. ಯುಜಿಸಿಯ 2021ರ ನಿಯಮದಂತೆ, ಕಾಲೇಜು ಒಪ್ಪಿದರೆ ಒಂದು ಸೆಮಿಸ್ಟರ್‌ನ ಶೇ. 40ರಷ್ಟು ಕೋರ್ಸ್‌ಗಳನ್ನು ಸ್ವಯಂ ಮೂಲಕವೇ ಮಾಡಿ ಕ್ರೆಡಿಟ್ ಪಡೆಯಬಹುದು.

ತಪ್ಪು ಕಲ್ಪನೆ 5: ಬಹಳ ಜನ ಅರ್ಧಕ್ಕೇ ಬಿಟ್ಟರೆ ಆ ಕೋರ್ಸ್ ಕಳಪೆ.

ಸತ್ಯ: 2012ರಲ್ಲಿ ಎಂಐಟಿ ಎಲೆಕ್ಟ್ರಾನಿಕ್ಸ್ ಸರ್ಕ್ಯೂಟ್‌ಗಳ ಕುರಿತು ಒಂದು ಮುಕ್ತ ಕೋರ್ಸ್ ನಡೆಸಿತು. ಅದರ ಮುಂಚೂಣಿಯಲ್ಲಿದ್ದವರು ಮಂಗಳೂರಿನಲ್ಲಿ ಬೆಳೆದ ಅನಂತ್ ಅಗರ್ವಾಲ್. ಎಡ್‌ಎಕ್ಸ್‌ನ ಚುಕ್ಕಾಣಿ ಹಿಡಿದವರೂ ಅವರೇ. ಹೆಸರು ನೋಂದಾಯಿಸಿದವರು ಸುಮಾರು 1,55,000. ಪಾಸಾದವರು ಸುಮಾರು 7,000. ಕಳಪೆ ಕೋರ್ಸ್ ಎನ್ನಲಾದೀತೆ? ಕುತೂಹಲಕ್ಕೆ ಇಣುಕಿದವರೂ ಗುರಿ ಇಟ್ಟುಕೊಂಡು ಸೇರಿದವರೂ ಆ ಲೆಕ್ಕದಲ್ಲಿ ಒಟ್ಟಿಗೇ ಇದ್ದಾರೆ. ಎಡ್‌ಎಕ್ಸ್‌ನ ಎಂಐಟಿ, ಹಾರ್ವರ್ಡ್ ಕೋರ್ಸ್‌ಗಳ 2017–18ರ ಅಂಕಿಗಳು ಇದನ್ನು ಬಿಡಿಸಿ ತೋರಿಸುತ್ತವೆ: ಸೇರಿದ ಎಲ್ಲರಲ್ಲಿ ಮುಗಿಸಿದವರು ಶೇ. 3ರ ಆಸುಪಾಸು, ಹಣ ಕಟ್ಟಿ ಸರ್ಟಿಫಿಕೇಟ್‌ಗೆ ನೋಂದಾಯಿಸಿದವರಲ್ಲಿ ಶೇ. 46. ಶೇಕಡಾವಾರು ಕಂಡಾಗೆಲ್ಲ ‘ಯಾರ ಪೈಕಿ?’ ಎಂದು ಕೇಳಿ.

ತಪ್ಪು ಕಲ್ಪನೆ 6: ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಕು, ಮಾನ್ಯತೆ ಇದ್ದೇ ಇರುತ್ತದೆ.

ಸತ್ಯ: ಎಷ್ಟೋ ಕೋರ್ಸ್‌ಗಳಿಗೆ ಹೆಸರು ವಿಶ್ವವಿದ್ಯಾಲಯದ್ದು, ಮಾರುವುದೂ ನಡೆಸುವುದೂ ಖಾಸಗಿ ಕಂಪನಿ. ಸರ್ಟಿಫಿಕೇಟ್ ಬೇರೆ, ಪದವಿ ಬೇರೆ. ಆನ್‌ಲೈನ್ ಪದವಿಗೆ ಯುಜಿಸಿಯ ದೂರಶಿಕ್ಷಣ ಬ್ಯೂರೊದ ಅನುಮತಿ ಬೇಕು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಪದವಿಗಳಿಗೆ ಆನ್‌ಲೈನ್‌ನಲ್ಲಿ ಅನುಮತಿಯೇ ಇಲ್ಲ. ಎಡ್‌ಟೆಕ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆಗೂಡಿ ಕೊಡುವ ಆನ್‌ಲೈನ್ ಪಿಎಚ್‌.ಡಿ.ಗೆ ಮಾನ್ಯತೆಯಿಲ್ಲ ಎಂದು ಯುಜಿಸಿ ಮತ್ತು ಎಐಸಿಟಿಇ 2022ರಲ್ಲಿ ಎಚ್ಚರಿಸಿದವು. ಹೆಸರೊಂದೇ ಕಾಯುವುದಿಲ್ಲ ಎಂಬುದು ಕರ್ನಾಟಕಕ್ಕೆ ಹೊಸದಲ್ಲ. ದೂರಶಿಕ್ಷಣ ನೀಡುವ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಯುಜಿಸಿ 2015ರಲ್ಲಿ ಹಿಂಪಡೆದಿತ್ತು, 2018ರಲ್ಲಷ್ಟೇ ಅದು ಮರಳಿ ಸಿಕ್ಕಿತು. ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳು ಪಟ್ಟ ಪಾಡನ್ನು ರಾಜ್ಯವೇ ನೋಡಿದೆ. ಸೇರುವ ವರ್ಷ, ಸೇರುವ ಪದವಿ, ಎರಡೂ ಅನುಮತಿ ಪಟ್ಟಿಯಲ್ಲಿವೆಯೇ ಎಂದು ಯುಜಿಸಿ ಜಾಲತಾಣದಲ್ಲಿ ಖುದ್ದಾಗಿ ನೋಡಿ.

ತಪ್ಪು ಕಲ್ಪನೆ 7: ‘ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಎಂದರೆ ನಂಬಬಹುದು.

ಸತ್ಯ: ಇಂಥ ಭರವಸೆಗೆ ಕಡಿವಾಣ ಹಾಕಲೆಂದೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿತು. ಎಡ್‌ಟೆಕ್ ಸೇವೆಗಳ ವಿಚಾರದಲ್ಲಿ ಶಿಕ್ಷಣ ಸಚಿವಾಲಯವೂ 2021ರ ಡಿಸೆಂಬರ್‌ನಲ್ಲೇ ಎಚ್ಚರಿಸಿತ್ತು: ಖಾತೆಯಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ಒಪ್ಪಿಗೆ ಕೊಡಬೇಡಿ, ಷರತ್ತು ಓದದೆ ಸಾಲಕ್ಕೆ ಸಹಿ ಹಾಕಬೇಡಿ. ‘ಇವತ್ತೇ ಕೊನೆಯ ದಿನ, ಇಎಂಐ ಮಾಡಿಕೊಡುತ್ತೇವೆ’ ಎಂದು ಅವಸರ ಮಾಡುವವರ ಎದುರು ನಿಧಾನಿಸುವುದೇ ಲೇಸು.

ಹಾಗಾದರೆ ನೋಡುವುದು ಹೇಗೆ?

ಮೊದಲ ವಾರದ ಪಾಠ ಎಲ್ಲ ಕೋರ್ಸ್‌ಗಳಲ್ಲೂ ಸಲೀಸಾಗಿರುತ್ತದೆ. ಅದನ್ನು ಸಿದ್ಧಪಡಿಸುವುದೇ ನಿಮ್ಮನ್ನು ಒಳಗೆ ಕರೆಯಲು. ಹಾಗಾಗಿ ನಡುವಿನ ವಾರಗಳ ಬಗ್ಗೆ ಕೇಳಿ. ಅಲ್ಲಿ ಏನು ಮಾಡಬೇಕು, ತಪ್ಪಾದರೆ ತಿದ್ದುವುದು ಮನುಷ್ಯರೋ ಯಂತ್ರವೋ, ಉತ್ತರ ಎಷ್ಟು ದಿನಕ್ಕೆ ಬರುತ್ತದೆ? ಸಾಫ್ಟ್‌ವೇರ್ ವಿಷಯವಾದರೆ ಪಾಠ ಕೊನೆಯ ಬಾರಿ ಪರಿಷ್ಕರಣೆಯಾದದ್ದು ಯಾವಾಗ? ಈಗಾಗಲೇ ಮುಗಿಸಿದವರ ಪ್ರಾಜೆಕ್ಟ್ ಒಂದನ್ನು ತೋರಿಸುತ್ತಾರೆಯೇ? ಹಣ ವಾಪಸಾತಿಯ ಷರತ್ತನ್ನು ಬರಹದಲ್ಲಿ ಕೊಡುತ್ತಾರೆಯೇ? ಒಂದೇ ಪ್ರಶ್ನೆ ಕೇಳಲು ಪುರುಸೊತ್ತಿದ್ದರೆ ಇದನ್ನು ಕೇಳಿ: ‘ಐದನೇ ವಾರದ ಅಸೈನ್‌ಮೆಂಟ್, ಮತ್ತು ನೀವು ತಿದ್ದಿಕೊಟ್ಟ ಒಂದು ಉತ್ತರ, ಎರಡನ್ನೂ ತೋರಿಸಿ.’ ತೋರಿಸಲಾರದವರಿಗೆ ದುಡ್ಡು ಕಟ್ಟಬೇಡಿ.